ಹಾಡಿಯ ಮಕ್ಕಳು ಶಾಲೆ ಬಿಟ್ಟರಾ, ಶಾಲೆ ಅವರನ್ನ ಬಿಟ್ಟಿತಾ?

ಸ್ವಲ್ಪ ಉದ್ದದ ಪೋಸ್ಟು, ಬಿಡುವು ಮಾಡ್ಕೊಂಡು ಓದಿ.

ನಮ್ಮಪ್ಪ ಅಕ್ಕಿಪೇಟೆಯಲ್ಲಿ ಮೂಟೆ ಹೊರ್ತಿದ್ದರು. ಕೋಲಾರದ ಕಡೆಯಿಂದ ಬಂದವರು, ಮನೇಲಿ ಮಾತು ತೆಲುಗು. ಒಂದನೇ ಕ್ಲಾಸಲ್ಲಿ ಮೇಷ್ಟ್ರು ಚಿತ್ರ ತೋರಿಸಿ ಇದೇನು ಅಂತ ಕೇಳಿದರು. ನಾನು "ಪಿಲ್ಲಿ" ಅಂದೆ. ಇಡೀ ಕ್ಲಾಸು ನಕ್ಕಿತು, ಮೇಷ್ಟ್ರೂ ನಕ್ಕರು. ಬೆಕ್ಕು ಅಂತ ಕಲಿಯೋಕೆ ನನಗೆ ಒಂದು ನಿಮಿಷ ಸಾಕಾಯ್ತು. ಮತ್ತೆ ಬಾಯಿ ಬಿಡೋಕೆ ಮಾತ್ರ ಎರಡು ವರ್ಷ ಹಿಡೀತು.

ಹೋದ ತಿಂಗಳು ಎಚ್.ಡಿ. ಕೋಟೆ ಕಡೆಯ ಒಂದು ಹಾಡಿಗೆ ಗೆಳೆಯರ ಜೊತೆ ಹೋಗಿದ್ದಾಗ ಇದು ನೆನಪಾಯ್ತು. ಜೇನುಕುರುಬರ ಹುಡುಗ, ಹತ್ತು ವರ್ಷ ಇರಬಹುದು. ಮರದ ಮೇಲಿನ ಹಕ್ಕಿಗಳ ಹೆಸರು ಒಂದೊಂದಾಗಿ ಹೇಳ್ತಾ ಹೋದ. ಶಾಲೆಗೆ ಹೋಗ್ತೀಯಾ ಅಂದರೆ ತಲೆ ತಗ್ಗಿಸಿಬಿಟ್ಟ. ಜೊತೆಗಿದ್ದ ಒಬ್ಬರು, "ಇವರಿಗೆ ಓದಿನ ಮೇಲೆ ಆಸಕ್ತಿನೇ ಇಲ್ಲ ಬಿಡಿ ಸಾರ್" ಅಂದರು. ಈ ಮಾತು ಎಲ್ಲೋ ಕೇಳಿದ್ದೀನಲ್ಲ ಅನ್ನಿಸ್ತು. ಹೌದು, ನಮ್ಮ ಬಗ್ಗೆ ನೂರೈವತ್ತು ವರ್ಷದಿಂದ ಹೇಳ್ಕೊಂಡು ಬಂದ ಮಾತೇ ಅದು.

ಮೊದಲು ನಮ್ಮ ಚರಿತ್ರೆ. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಒಬ್ಬ ಮಹಾರ್ ಹುಡುಗ ಅರ್ಜಿ ಹಾಕಿದ. ಸೇರಿಸ್ಕೊಳ್ಳಲಿಲ್ಲ. ಮುಂಬೈ ಸರ್ಕಾರಕ್ಕೆ ಹೋದರೆ, ನ್ಯಾಯ ಹುಡುಗನ ಕಡೆಗಿದೆ ಅಂತ ಒಪ್ಪಿಕೊಂಡಿತು. ಆದರೆ ಅವನೊಬ್ಬನಿಗೋಸ್ಕರ ಉಳಿದವರು ಶಾಲೆ ಬಿಟ್ಟುಹೋಗೋ ಹಾಗೆ ಮಾಡೋಕಾಗಲ್ಲ ಅಂದುಬಿಟ್ಟಿತು. ಆಮೇಲೆ ಮೇಲಿನವರು, ಸರ್ಕಾರದ ಹಣದಲ್ಲಿ ನಡೆಯೋ ಶಾಲೆ ಎಲ್ಲ ಜಾತಿಯವರಿಗೂ ತೆರೆದಿರಬೇಕು ಅಂತ ನಿಲುವು ತಗೊಂಡರು. ಅದು ಕಾಗದದ ಮೇಲೆ ಉಳೀತು. ಬಾಬಾಸಾಹೇಬರು ಸೈಮನ್ ಆಯೋಗದ ಮುಂದೆ ದಲಿತರ ಶಿಕ್ಷಣದ ಸ್ಥಿತಿ ಇಟ್ಟಾಗ ಈ ಪ್ರಕರಣವನ್ನೂ ಮುಂದಿಟ್ಟರು.

ನಮ್ಮ ಮೈಸೂರು ಸಂಸ್ಥಾನದಲ್ಲೂ ಅಷ್ಟೇ. ನಮ್ಮ ಮಕ್ಕಳಿಗೆ ಅಂತ ಬೇರೆ "ಪಂಚಮ ಶಾಲೆ"ಗಳು. 1915ರ ಸುಮಾರಿಗೆ ಸಾಮಾನ್ಯ ಸರ್ಕಾರಿ ಶಾಲೆಗೂ ಸೇರಿಸ್ಕೊಳ್ಳಬೇಕು ಅಂದಾಗ ಮೇಲ್ಜಾತಿಯವರು ಗಲಾಟೆ ಮಾಡಿ, ತಮ್ಮ ಮಕ್ಕಳನ್ನೇ ಬಿಡಿಸಿಕೊಂಡರು. ಅಂದರೆ ನಮ್ಮ ಜಗಳ ಬಾಗಿಲಿನದು. ಒಳಗೆ ಬಿಡಿ ಅಂತ ಕೇಳ್ತಾ ಬಂದ್ವಿ.

ಆದಿವಾಸಿಗಳ ಕತೆ ಬೇರೆ. ಅವರು ಬಾಗಿಲು ತಟ್ಟಲಿಲ್ಲ. ಅವರನ್ನ ಕಾಡಿಂದ ಹೊರಗೆ ತಂದು ಶಾಲೆಯ ಒಳಗೆ ಕೂರಿಸಿದರು. ಇದನ್ನ ನಾವು ದಲಿತ ಹೋರಾಟದವರು ಸರಿಯಾಗಿ ಅರ್ಥ ಮಾಡ್ಕೊಂಡಿಲ್ಲ ಅಂತ ನನಗನ್ನಿಸುತ್ತೆ.

ಆಶ್ರಮ ಶಾಲೆ ಅನ್ನೋದು ಗಾಂಧಿವಾದಿಗಳಿಂದ ಬಂದ ಕಲ್ಪನೆ. ಠಕ್ಕರ್ ಬಾಪಾ ಗುಜರಾತಿನ ಭಿಲ್ಲರ ನಡುವೆ 1920ರ ದಶಕದಲ್ಲಿ ಈ ಕೆಲಸ ಶುರು ಮಾಡಿದರು. ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರಗಳು ಅದನ್ನೇ ಎತ್ತಿಕೊಂಡವು. ಊಟ, ವಸತಿ, ಪಾಠ ಎಲ್ಲ ಒಂದೇ ಕಡೆ. ಉದ್ದೇಶ ಕೆಟ್ಟದ್ದು ಅನ್ನಲ್ಲ. ಹಸಿದ ಮಗುವಿಗೆ ಎರಡು ಹೊತ್ತು ಊಟ ಸಣ್ಣ ವಿಷಯ ಅಲ್ಲ, ಹಾಸ್ಟೆಲ್ ಅನ್ನ ತಿಂದು ಬಿ.ಎ. ಮಾಡಿದ ನನಗೆ ಅದು ಗೊತ್ತು. ಆದರೆ ಆ ಯೋಜನೆಯ ಒಳಗೆ ಒಂದು ನಂಬಿಕೆ ಕೂತಿತ್ತು: ಮಗುವನ್ನ ಅದರ ಹಾಡಿಯಿಂದ ದೂರ ಇಟ್ಟರೆ ಮಾತ್ರ ಅದು "ಸುಧಾರಿಸುತ್ತೆ" ಅಂತ.

ಈಗ ಜೇನುಕುರುಬರ ಕಡೆ ನೋಡಿ. ಕಾಕನಕೋಟೆಯ ಖೆಡ್ಡಾಗಳಲ್ಲಿ ಆನೆಯ ಜಾಡು ಹಿಡಿಯೋಕೆ, ಹಿಡಿದ ಆನೆ ಪಳಗಿಸೋಕೆ ಸರ್ಕಾರಕ್ಕೆ ಇವರೇ ಬೇಕಿತ್ತು. ಕೊನೆಯ ಖೆಡ್ಡಾ 1971ರಲ್ಲಿ ನಡೀತು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ಕಾಡಿನ ಒಂದು ಭಾಗ ನೀರಲ್ಲಿ ಮುಳುಗ್ತು. ನಾಲ್ಕೇ ವರ್ಷದಲ್ಲಿ, ಕಾಡು ಬಲ್ಲವರು ಕಾಡಿನ ಅತಿಕ್ರಮಣಕಾರರು ಆಗಿಹೋದರು! ಹೈಕೋರ್ಟ್ ನೇಮಿಸಿದ್ದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ಅದು ಗುರುತಿಸಿದ್ದು ಹೀಗೆ ಒಕ್ಕಲೆಬ್ಬಿಸಿದ 3,418 ಕುಟುಂಬಗಳನ್ನ.

ಆ ಕುಟುಂಬಗಳ ಹೊಟ್ಟೆಪಾಡು ಏನು? ಕೊಡಗಿನ ತೋಟದ ಕೂಲಿ. ಕಾಫಿ ಕೊಯ್ಲು ಬರೋದು ಚಳಿಗಾಲದಲ್ಲಿ. ಅಪ್ಪ ಅಮ್ಮ ಹೊರಟರೆ ಮಕ್ಕಳೂ ಹೊರಟವು, ತಂಗಿನ ಎತ್ತಿಕೊಳ್ಳೋಕಾದರೂ ಒಬ್ಬರು ಬೇಕಲ್ಲ. ವಾಪಸ್ ಬರೋ ಹೊತ್ತಿಗೆ ಪರೀಕ್ಷೆ ಎದುರಿಗೆ ಬಂದಿರುತ್ತೆ. ಇನ್ನು ಆಶ್ರಮ ಶಾಲೆಗಳು ಬಹಳ ಕಡೆ ಇದ್ದದ್ದೇ ಐದನೇ ತರಗತಿವರೆಗೆ. ಆಮೇಲೆ ಬೇರೆ ಊರು, ಬೇರೆ ಹಾಸ್ಟೆಲ್ಲು, "ಕಾಡಿನವನು" ಅಂತ ಕರೆಯೋ ಸಹಪಾಠಿಗಳು.

ಭಾಷೆಯ ವಿಷಯಕ್ಕೆ ಬರ್ತೀನಿ. ಜೇನುಕುರುಬರ ನುಡಿ ಕನ್ನಡಕ್ಕೆ ಹತ್ತಿರದ್ದೇ. ಅದಕ್ಕೇ ಅದು ಯಾರ ಕಣ್ಣಿಗೂ ಬೀಳಲ್ಲ. ತೀರಾ ಬೇರೆ ಭಾಷೆ ಆಗಿದ್ದರೆ ಅಯ್ಯೋ ಮಗುವಿಗೆ ಅರ್ಥ ಆಗ್ತಿಲ್ಲ ಅಂತಾದರೂ ಅಂದುಕೊಳ್ತಿದ್ದರು. ಹತ್ತಿರದ್ದು ಆಗಿರೋದ್ರಿಂದ "ತಪ್ಪು ಕನ್ನಡ" ಅಂತಾರೆ. ಮಗು ಆಡೋದು ತನ್ನ ತಾಯಿಯ ಮಾತು, ಅದಕ್ಕೆ ಕೆಂಪು ಗೀಟು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ತಾಯ್ನುಡಿಯಲ್ಲಿ ಕಲಿಸೋ ಅನುಕೂಲ ಮಾಡಿಕೊಡಬೇಕು ಅಂತ ಸಂವಿಧಾನದ 350ಎ ವಿಧಿ ಹೇಳುತ್ತೆ, 1956ರಿಂದ.

ಆಗದ ಮಾತು ಅಂತೀರಾ? ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ, ಉಕಯಾಲಿ ನದಿ ದಂಡೆಯ ಶಿಪಿಬೊ-ಕೊನಿಬೊ ಆದಿವಾಸಿಗಳ ಊರುಗಳಿಗೆ 1950ರ ದಶಕದಲ್ಲೇ ದ್ವಿಭಾಷಾ ಶಾಲೆ ಬಂತು. ತಂದವರು ಮಿಷನರಿ ಭಾಷಾತಜ್ಞರು, ಅವರಿಗೆ ಬೈಬಲ್ ಓದಿಸೋ ಉದ್ದೇಶವೂ ಇತ್ತು. ಆದರೆ 1988ರ ಹೊತ್ತಿಗೆ ಅಲ್ಲಿನ ಅಮೆಜಾನ್ ಆದಿವಾಸಿಗಳ ಸಂಘಟನೆಯೇ ತಮ್ಮ ಶಿಕ್ಷಕರನ್ನ ತಾವೇ ತಯಾರು ಮಾಡೋ ಕಾರ್ಯಕ್ರಮ ಶುರು ಮಾಡಿತು. ಅಷ್ಟು ದೂರ ಯಾಕೆ, ಒಡಿಶಾ ಸರ್ಕಾರ 2006-07ರ ಸುಮಾರಿಗೇ ಹತ್ತು ಆದಿವಾಸಿ ನುಡಿಗಳಲ್ಲಿ ಮೊದಲ ತರಗತಿಗಳ ಪಾಠ ಆರಂಭಿಸಿತು.

ನಮ್ಮಲ್ಲಿ ಅಂಕಿಅಂಶದ ಆಟ ಬೇರೆ ಇದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.4, ಪರಿಶಿಷ್ಟ ಪಂಗಡದ್ದು ಶೇ. 62.1. ಪರವಾಗಿಲ್ಲ ಅನ್ನಿಸುತ್ತೆ ಅಲ್ವಾ? ಆ ಪಂಗಡದ ಜನಸಂಖ್ಯೆಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನಾಯಕ ಸಮುದಾಯದವರೇ ಇದ್ದಾರೆ. ಅವರನ್ನ ದೂರೋಕೆ ಹೇಳ್ತಿಲ್ಲ, ಅವರದ್ದೂ ಕಷ್ಟ ಇದೆ. ಆದರೆ ಅಷ್ಟು ದೊಡ್ಡ ಸರಾಸರಿಯ ಒಳಗೆ ಸುಮಾರು 36 ಸಾವಿರ ಜೇನುಕುರುಬರು, 15 ಸಾವಿರದಷ್ಟಿರೋ ಕೊರಗರು ಎಲ್ಲಿ ಕಾಣ್ತಾರೆ ಹೇಳಿ?

ನಾನು ಆಫೀಸಲ್ಲಿ ಗುಮಾಸ್ತ. ಕಾಲಮ್ಮಿನ ಶಕ್ತಿ ನನಗೆ ಗೊತ್ತು. "ಕಾರಣ" ಅನ್ನೋ ಜಾಗದಲ್ಲಿ "ಪೋಷಕರ ನಿರಾಸಕ್ತಿ" ಅಂತ ಎರಡು ಪದ ಬರೆದರೆ ಫೈಲು ಮುಗೀತು. ಅಣೆಕಟ್ಟು, ಹುಲಿ ಯೋಜನೆ, ಕಾಫಿ ಕೊಯ್ಲು, ಕೆಂಪು ಗೀಟು ಯಾವುದೂ ಆ ಕಾಲಮ್ಮಲ್ಲಿ ಹಿಡಿಸಲ್ಲ. ಧಾರವಾಡದ ಹುಡುಗನ ಫೈಲೂ ಹೀಗೇ ಮುಗಿದಿತ್ತು.

ಅದಕ್ಕೇ ನಮ್ಮ ಸಂಘಟನೆಗಳಲ್ಲಿ ಕೇಳ್ಕೊಳ್ಳೋದು ಇಷ್ಟು. ಹಾಡಿಯಲ್ಲಿ ಓದಿದ ಹುಡುಗ ಹುಡುಗಿಯರನ್ನೇ ಅಲ್ಲಿನ ಶಾಲೆಗೆ ಶಿಕ್ಷಕರಾಗಿ, ಗುತ್ತಿಗೆ ಅಲ್ಲ, ಕಾಯಂ ನೇಮಿಸಬೇಕು. ಮೊದಲ ಎರಡು ಮೂರು ವರ್ಷ ಅವರ ನುಡಿಯಲ್ಲಿ ಪಾಠ ನಡೀಬೇಕು. ಕೊಯ್ಲಿನ ಕಾಲಕ್ಕೆ ತಕ್ಕ ಹಾಗೆ ಶಾಲೆಯ ವೇಳಾಪಟ್ಟಿ ಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯ ಹೋರಾಟವನ್ನ ಶಿಕ್ಷಣದ ಹೋರಾಟದಿಂದ ಬೇರೆ ಮಾಡಬಾರದು. ನಾವು ಏಪ್ರಿಲ್ 14ಕ್ಕೆ "ಶಿಕ್ಷಣ, ಸಂಘಟನೆ, ಹೋರಾಟ" ಅಂತ ಬ್ಯಾನರ್ ಕಟ್ಟುವಾಗ ವೇದಿಕೆ ಮೇಲೆ ಹಾಡಿಯವರು ಒಬ್ಬರಾದರೂ ಕೂತು ಮಾತಾಡಲಿ, ಅವರ ಮಾತಲ್ಲೇ.

ಅವತ್ತು ಕ್ಲಾಸಲ್ಲಿ ಯಾರಾದರೊಬ್ಬರು, "ಹೌದಪ್ಪಾ, ಪಿಲ್ಲಿನೇ. ಕನ್ನಡದಲ್ಲಿ ಬೆಕ್ಕು ಅಂತಾರೆ" ಅಂದಿದ್ದರೆ ನನ್ನ ಎರಡು ವರ್ಷ ಉಳೀತಿತ್ತು. ಆ ಹಕ್ಕಿಗಳ ಹೆಸರು ಹೇಳಿದ ಹುಡುಗನಿಗೆ ಇನ್ನೂ ಸಮಯ ಇದೆ.

ಜೈಭೀಮ್.