ಗೃಹಹಿಂಸೆಯೂ ಅಧಿಕಾರವರ್ಗದ ಏಕಸೂತ್ರತೆಯೂ

ಮನೆಯ ಹೊರಗೆ ಹೆಂಗಸಿಗೆ ಒದಗುವ ಕಷ್ಟಕ್ಕೆ ಊರೆಲ್ಲ ಸಾಕ್ಷಿ. ಮನೆಯೊಳಗಣ ಕಷ್ಟಕ್ಕೆ ಗೋಡೆಗಳೇ ಸಾಕ್ಷಿ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕವೆಂದು ಗಾದೆ ಹೇಳಿ ನೆರೆಯವರು ಕದವಿಕ್ಕಿಕೊಳ್ಳುವುದುಂಟು. ಆ ಗಾದೆ ಸಮಬಲರ ಮುನಿಸಿಗೆ ಸಲ್ಲತಕ್ಕದ್ದು. ಒಬ್ಬನು ಹೊಡೆಯುವುದೂ ಒಬ್ಬಳು ನವೆಯುವುದೂ ನಿತ್ಯವಾದೆಡೆ ಅದಕ್ಕೆ ಜಗಳವೆಂದು ಹೆಸರಿಡುವುದು ಭಾಷೆಗೆ ಮಾಡುವ ಅಪಚಾರ.

ನಮ್ಮ ದೇಶದ ದಂಡಸಂಹಿತೆಯಲ್ಲಿ ಪತಿಯ ಮತ್ತು ಅವನ ಬಂಧುಗಳ ಕ್ರೌರ್ಯವು ಪ್ರತ್ಯೇಕ ಅಪರಾಧವೆನಿಸಿದುದು ೧೯೮೩ರಲ್ಲಿ. ೪೯೮-ಎ ಎಂಬ ಆ ವಿಧಿಯು ಮೂರು ವರ್ಷಗಳವರೆಗಿನ ಸೆರೆವಾಸವನ್ನು ಗೊತ್ತುಪಡಿಸಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅದು ೮೫ನೆಯ ವಿಧಿಯಾಗಿ ಉಳಿದಿದೆ. ಆದರೆ ದಂಡನೆಯೇ ರಕ್ಷಣೆಯಲ್ಲ. ಪೆಟ್ಟು ತಿಂದು ರಾತ್ರಿ ಬೀದಿಗೆ ಬಂದವಳಿಗೆ ಮೊದಲು ಬೇಕಾದುದು ಒಂದು ಸೂರು, ಗಾಯಕ್ಕೆ ಮದ್ದು, ಮಕ್ಕಳಿಗೆ ಅನ್ನ, ಹೊಡೆದವನು ಬಳಿ ಸಾರದಂತೆ ಒಂದು ಅಪ್ಪಣೆ. ಇವು ನಾಲ್ಕೂ ಬೇರೆ ಬೇರೆ ಇಲಾಖೆಗಳ ಕೈಯಲ್ಲಿವೆ. ಒಂದೊಂದು ಕಡೆಯೂ ತನ್ನ ಕಥೆಯನ್ನು ಮೊದಲಿನಿಂದ ಹೇಳಿ ಅಳಬೇಕು. ಒಂದೊಂದು ಕಡೆಯೂ ಇದು ನಮಗೆ ಸೇರಿದುದಲ್ಲವೆಂಬ ಉತ್ತರ ಕೇಳಬೇಕು. ಸುಂಕಕ್ಕಂಜಿ ಇರುಳೆಲ್ಲ ಅಡ್ಡದಾರಿ ಹಿಡಿದ ವರ್ತಕನು ಬೆಳಗಾಗುವಾಗ ಸುಂಕದ ಕಟ್ಟೆಯ ಮುಂದೆಯೇ ನಿಂತನೆಂಬುದು ಘಟ್ಟಕುಟೀಪ್ರಭಾತ ನ್ಯಾಯ. ಇವಳೂ ಹಾಗೆಯೇ ಅಲೆದು, ಕಡೆಗೆ ಬಿಟ್ಟುಬಂದ ಹೊಸಿಲಿನಲ್ಲಿಯೇ ನಿಲ್ಲುತ್ತಾಳೆ.

ಈ ದೋಷವನ್ನು ಮೊದಲು ಕ್ರಮವಾಗಿ ತಿದ್ದಲೆಳಸಿದ ಊರುಗಳಲ್ಲಿ ಅಮೆರಿಕದ ಮಿನ್ನೆಸೋಟ ಸಂಸ್ಥಾನದ ಡುಲೂತ್ ಪ್ರಸಿದ್ಧವಾದುದು. ಅಲ್ಲಿ ೧೯೮೧ರಲ್ಲಿ ಎಲೆನ್ ಪೆನ್ಸ್ ಮೊದಲಾದವರ ಪ್ರಯತ್ನದಿಂದ ಪೊಲೀಸರೂ ನ್ಯಾಯಸ್ಥಾನದವರೂ ಆಶ್ರಯಗೃಹವನ್ನು ನಡೆಸುವ ಹೆಂಗಸರೂ ಒಂದೇ ನಿಯಮಾವಳಿಗೆ ಒಡಂಬಟ್ಟರು. ಸಾಂಖ್ಯರು ಹೇಳುವ ಪಂಗ್ವಂಧ ನ್ಯಾಯವು ಇಲ್ಲಿ ಸಾರ್ಥಕವಾಯಿತು: ಪೊಲೀಸರಿಗೆ ಅಧಿಕಾರವೆಂಬ ಕಾಲಿತ್ತು, ಮನೆಯೊಳಗಣ ಸಂಗತಿ ಕಾಣದು; ಆಶ್ರಯಗೃಹದವರಿಗೆ ಕಣ್ಣಿತ್ತು, ಅಧಿಕಾರವಿಲ್ಲ. ಹೊಡೆದವನನ್ನು ಎದುರಿಸುವ ಭಾರವನ್ನು ಹೊಡೆಸಿಕೊಂಡವಳ ಹೆಗಲಿನಿಂದಿಳಿಸಿ ಸಮಾಜವೇ ಹೊರಬೇಕೆಂಬುದು ಅವರ ಸಿದ್ಧಾಂತ. ಅಂತೆಯೇ ೨೦೦೩ರಲ್ಲಿ ವೇಲ್ಸಿನ ಕಾರ್ಡಿಫ್ ನಗರದಲ್ಲಿ ಪೊಲೀಸರು, ವೈದ್ಯಶಾಖೆ, ವಸತಿಶಾಖೆ, ಮಕ್ಕಳ ಪಾಲನೆಯ ಶಾಖೆ ಒಂದೇ ಮೇಜಿನ ಸುತ್ತ ಕುಳಿತು, ಪ್ರಾಣಾಪಾಯವು ಹೆಚ್ಚಾಗಿರುವ ಪ್ರಕರಣಗಳನ್ನು ಒಂದೊಂದಾಗಿ ಪರ್ಯಾಲೋಚಿಸುವ ಪದ್ಧತಿ ಮೊದಲಾಯಿತು.

ನಮ್ಮಲ್ಲಿಯೂ ಇಂತಹ ಯತ್ನ ನಡೆಯದೆ ಇಲ್ಲ. ೧೯೮೪ರಲ್ಲಿಯೇ ಮುಂಬಯಿಯ ಪೊಲೀಸ್ ಕಮಿಷನರರ ಕಚೇರಿಯೊಳಗೆ ಟಾಟಾ ಸಮಾಜವಿಜ್ಞಾನ ಸಂಸ್ಥೆಯವರು ಸ್ತ್ರೀಯರಿಗೂ ಮಕ್ಕಳಿಗೂ ವಿಶೇಷ ಘಟಕವನ್ನು ತೆರೆದರು. ಠಾಣೆಗೆ ಬಂದ ಹೆಂಗಸು ಸಮಾಜಸೇವಕಿಯನ್ನು ಅರಸಿ ಬೇರೊಂದು ಬೀದಿಗೆ ಹೋಗಬೇಕಾಗಲಿಲ್ಲ.

ಈ ತತ್ತ್ವಕ್ಕೆ ಶಾಸನದ ರೂಪ ಬಂದುದು ೨೦೦೫ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಅಧಿನಿಯಮದಲ್ಲಿ. ಅದು ೨೦೦೬ರ ಅಕ್ಟೋಬರ್ ೨೬ರಂದು ಜಾರಿಗೆ ಬಂದಿತು. ಅದರ ನಾಭಿಸ್ಥಾನದಲ್ಲಿರುವವರು ಸಂರಕ್ಷಣಾಧಿಕಾರಿಗಳು. ನಡೆದುದನ್ನು ವರದಿಯಾಗಿ ಬರೆದು ಮ್ಯಾಜಿಸ್ಟ್ರೇಟರಿಗೊಪ್ಪಿಸುವುದು, ವೈದ್ಯಪರೀಕ್ಷೆ ಮಾಡಿಸುವುದು, ಆಶ್ರಯ ಕೊಡಿಸುವುದು, ವಕೀಲರ ಧರ್ಮಾರ್ಥ ನೆರವನ್ನು ಒದಗಿಸುವುದು, ಎಲ್ಲವೂ ಅವರ ಕರ್ತವ್ಯ. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನಗಳೊಳಗೆ ನಡೆಯಬೇಕು. ಅರ್ಜಿಯನ್ನು ಅರುವತ್ತು ದಿನಗಳೊಳಗೆ ತೀರ್ಮಾನಿಸಲು ಯತ್ನಿಸಬೇಕು. ನ್ಯಾಯ, ಗೃಹ, ಆರೋಗ್ಯ ಮುಂತಾದ ಇಲಾಖೆಗಳು ಹೊಂದಿಕೆಯಿಂದ ನಡೆಯುವಂತೆ ನೋಡಿಕೊಂಡು, ಅದನ್ನು ಕಾಲಕಾಲಕ್ಕೆ ಪರಿಶೀಲಿಸುವ ಹೊಣೆಯನ್ನು ೧೧ನೆಯ ಪ್ರಕರಣವು ಸರ್ಕಾರಗಳಿಗೇ ವಹಿಸಿದೆ.

ಸೂತ್ರವು ಸೊಗಸಾಗಿದೆ, ವೃತ್ತಿಯಲ್ಲಿ ಕೊರತೆ. ನಮ್ಮ ಕರ್ನಾಟಕದಲ್ಲಿ ಅಂಗನವಾಡಿಗಳ ಭಾರವನ್ನು ಹೊತ್ತ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೇ ಈ ಕೆಲಸವನ್ನೂ ಕೂಡಿಸಲಾಯಿತು. ಒಂದೇ ಎತ್ತಿಗೆ ಎರಡು ಗಾಡಿ ಹೂಡಿದರೆ ಎತ್ತನ್ನು ಬಯ್ದು ಫಲವೇನು? ೨೦೧೫ರಲ್ಲಿ ಕೇಂದ್ರ ಸರ್ಕಾರವು ‘ಸಖಿ’ ಕೇಂದ್ರಗಳ ಯೋಜನೆಯನ್ನು ತಂದು, ಚಿಕಿತ್ಸೆ, ಪೊಲೀಸ್ ನೆರವು, ಕಾನೂನು ಸಲಹೆ, ತಾತ್ಕಾಲಿಕ ವಸತಿಗಳನ್ನು ಒಂದೇ ಸೂರಿನಡಿ ತರಲೆಳಸಿತು. ಆದರೂ ಶಾಸನವಾಗಿ ಇಪ್ಪತ್ತು ವರ್ಷಗಳ ಮೇಲೆ, ೨೦೨೫ರ ಮೇ ತಿಂಗಳಲ್ಲಿ, ಜಿಲ್ಲೆ ತಾಲ್ಲೂಕುಗಳಲ್ಲಿ ಸಂರಕ್ಷಣಾಧಿಕಾರಿಗಳನ್ನು ಗೊತ್ತುಮಾಡಿರೆಂದು ಸರ್ವೋಚ್ಚ ನ್ಯಾಯಾಲಯವೇ ರಾಜ್ಯಗಳಿಗೆ ಆಜ್ಞಾಪಿಸಬೇಕಾಯಿತು.

ಇಂತಹ ಕಾನೂನಿನಿಂದ ನಿರಪರಾಧಿಗಳಿಗೂ ಪೀಡೆಯಾದೀತೆಂದು ಶಂಕಿಸುವ ಸಜ್ಜನರುಂಟು. ಅವರಿಗೆ ನನ್ನ ಸಮಾಧಾನವಿಷ್ಟೆ: ವೈದ್ಯನು ಕಂಡ ಗಾಯ, ಪೊಲೀಸರು ಕಂಡ ಮನೆ, ಅಧಿಕಾರಿಯು ಬರೆದ ವರದಿ, ಇವು ಆಯಾ ದಿನವೇ ಒಂದೆಡೆ ಕೂಡಿದಲ್ಲಿ ಸುಳ್ಳಿಗೆ ನಿಲ್ಲಲು ನೆಲವಿರದು. ಇಲಾಖೆಗಳ ಒಡಕಿನಿಂದ ಲಾಭವಾಗುವುದು ಅಪರಾಧಿಗೆ ಮಾತ್ರ.

ಕಡೆಯದಾಗಿ, ಗೃಹಸ್ಥರಾದ ವಾಚಕರಿಗೆ ಒಂದು ವಿಜ್ಞಾಪನೆ. ಹಿಂಸೆ ನಡೆದಿದೆಯೆಂದು ನಂಬಲು ಕಾರಣವುಳ್ಳ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದೆಂದೂ, ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬಾರದೆಂದೂ ಆ ಶಾಸನದ ೪ನೆಯ ಪ್ರಕರಣವು ಹೇಳುತ್ತದೆ. ತಮ್ಮ ತಾಲ್ಲೂಕಿನ ಆ ಅಧಿಕಾರಿ ಯಾರು, ಕಚೇರಿ ಎಲ್ಲಿ ಎಂಬುದನ್ನು ಪ್ರತಿಯೊಬ್ಬರೂ ಅರಿತಿರುವುದು ಉಚಿತ. ಪಕ್ಕದ ಮನೆಯ ಅಳು ಕೇಳಿದಾಗ ಕದವಿಕ್ಕಿಕೊಳ್ಳುವವರು ಇನ್ನು ಮುಂದೆ ಗಾದೆಯ ಮರೆಯನ್ನು ಹೊಗಲಾಗದು.