ಸೂಳೆಕೆರೆಗೆ ವಿದ್ಯುತ್ ಕಾರು

ವಿದ್ಯುತ್ತಿನಿಂದ ಓಡುವ ಕಾರನ್ನು ಈಗ ಕೊಳ್ಳಬಹುದೆ ಎಂಬ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ಕೇಳಿದರೆ ಒಂದು ಉತ್ತರ ಬರುತ್ತದೆ, ಸೂಳೆಕೆರೆಯಲ್ಲಿ ಕೇಳಿದರೆ ಇನ್ನೊಂದು. ನನಗೆ ಎರಡೂ ಊರುಗಳ ನಂಟು ಇರುವುದರಿಂದ ಎರಡು ಉತ್ತರಗಳನ್ನೂ ಕೇಳಬೇಕಾಗಿ ಬಂದಿದೆ. ವಾಸ ಬೆಂಗಳೂರು, ತೋಟ ಮತ್ತು ಅಣ್ಣನ ಸಂಸಾರ ಸೂಳೆಕೆರೆಯ ಅಚ್ಚುಕಟ್ಟಿನಲ್ಲಿ. ಹಳೆಯ ಪೆಟ್ರೋಲು ಕಾರಿಗೆ ವಯಸ್ಸಾಯಿತು. ಈಗ ಕೊಳ್ಳುವ ಕಾರೇ ಬಹುಶಃ ನನ್ನ ಕೊನೆಯ ಕಾರು; ಹಣ ನಿವೃತ್ತಿಯ ಗಂಟಿನಿಂದ ಬರಬೇಕು. ಆದ್ದರಿಂದ ಉತ್ಸಾಹಿಗಳ ಮಾತಿಗೂ ಹೆದರಿಸುವವರ ಮಾತಿಗೂ ಕಿವಿಗೊಡದೆ, ಈ ವಾಹನದ ಪೂರ್ವಚರಿತ್ರೆ ಏನೆಂದು ಹುಡುಕತೊಡಗಿದೆ. ಹೆಣ್ಣು ಕೊಡುವಾಗಲೂ ತರುವಾಗಲೂ ಮೂರು ತಲೆಮಾರು ವಿಚಾರಿಸುವ ನಾವು ಹತ್ತು ಹದಿನೈದು ಲಕ್ಷದ ಯಂತ್ರದ ಕುಲಗೋತ್ರ ಕೇಳಬಾರದೆ?

ಕೇಳಿದರೆ ಮೊದಲು ಆಶ್ಚರ್ಯವಾಗುತ್ತದೆ. ಇದು ಹೊಸ ಸೊಸೆಯಲ್ಲ, ಮನೆಯ ಹಿರಿಯಳು. 1900ರಲ್ಲಿ ಅಮೆರಿಕದಲ್ಲಿ ತಯಾರಾದ ಮೋಟಾರುಗಳು ನಾಲ್ಕು ಸಾವಿರಕ್ಕೆ ಸ್ವಲ್ಪ ಮೇಲೆ. ಅವುಗಳಲ್ಲಿ ಉಗಿಯ ಗಾಡಿಗಳು 1,681, ವಿದ್ಯುತ್ ಗಾಡಿಗಳು 1,575. ಪೆಟ್ರೋಲಿನವು ಬರಿಯ 936. ಅದಕ್ಕೆ ಒಂದು ವರ್ಷ ಮುಂಚೆ, 1899ರಲ್ಲಿ, ಬೆಲ್ಜಿಯಂ ದೇಶದ ಕಮೀಲ್ ಜೆನಾಟ್ಸಿ ಎಂಬಾತ ಗಂಟೆಗೆ ನೂರು ಕಿಲೋಮೀಟರ್ ವೇಗವನ್ನು ಮೊಟ್ಟಮೊದಲು ದಾಟಿದ್ದು ಬ್ಯಾಟರಿಯ ಗಾಡಿಯಲ್ಲಿಯೇ. ಹೆನ್ರಿ ಫೋರ್ಡನ ಹೆಂಡತಿ ಕ್ಲಾರಾ, ಗಂಡ ಲಕ್ಷಗಟ್ಟಲೆ ಪೆಟ್ರೋಲು ಕಾರುಗಳನ್ನು ಹೊರಬಿಡುತ್ತಿದ್ದ ಕಾಲದಲ್ಲಿ, ತಾನು ಮಾತ್ರ ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ವಿದ್ಯುತ್ ಕಾರಿನಲ್ಲಿ ಓಡಾಡುತ್ತಿದ್ದಳು. ಸದ್ದಿಲ್ಲ, ಹೊಗೆಯಿಲ್ಲ, ಕೈ ಮುರಿಯುವ ಹ್ಯಾಂಡಲು ತಿರುಗಿಸುವ ಗೋಜಿಲ್ಲ. 1912ರಲ್ಲಿ ಚಾರ್ಲ್ಸ್ ಕೆಟರಿಂಗನ ಸ್ವಯಂಚಾಲಕ ಕ್ಯಾಡಿಲಾಕ್ ಕಾರಿಗೆ ಬಂದು ಹ್ಯಾಂಡಲಿನ ಕಷ್ಟ ತಪ್ಪಿತು; ಫೋರ್ಡನ ಕಾರು ಅಗ್ಗವಾಯಿತು; ಹಳ್ಳಿಹಳ್ಳಿಗೆ ಪೆಟ್ರೋಲಿನ ಡಬ್ಬಿ ಹೋಯಿತು, ವಿದ್ಯುತ್ ತಂತಿ ಹೋಗಲಿಲ್ಲ. ಅಲ್ಲಿಗೆ ಹಿರಿಯಳು ಮೂಲೆ ಸೇರಿದಳು. ಸೋತದ್ದು ಮೋಟಾರಲ್ಲ, ದಾರಿಯಲ್ಲಿ ಶಕ್ತಿ ಸಿಗದೆ ಹೋದದ್ದು ಎಂಬುದನ್ನು ಗಮನಿಸಬೇಕು. ಇವತ್ತಿನ ವಾದವೂ ಅಲ್ಲಿಯೇ ಇದೆ.

ವಿದ್ಯುತ್ತಿನ ವಿಷಯದಲ್ಲಿ ಆಗ ನಮ್ಮ ಮೈಸೂರು ಹಿಂದೆ ಬಿದ್ದಿರಲಿಲ್ಲ. 1902ರಲ್ಲಿ ಶಿವನಸಮುದ್ರದ ಕಾವೇರಿ ನೀರಿನಿಂದ ಹುಟ್ಟಿದ ವಿದ್ಯುತ್ತು 92 ಮೈಲಿ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿ ಸೇರಿತು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪವಾಯಿತು. ಆದರೆ ಅದರಿಂದ ಗಾಡಿ ಓಡಿಸುವ ಯೋಚನೆ ಯಾರಿಗೂ ಬಂದಂತಿಲ್ಲ. ನಮ್ಮ ರಸ್ತೆಗಳಲ್ಲಿ ಎತ್ತಿನ ಗಾಡಿಯ ನಂತರ ನೇರವಾಗಿ ಪೆಟ್ರೋಲು ಬಸ್ಸು ಬಂತು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಇದ್ದಿಲ ಬಸ್ಸು ಬಂತು.

ಇದ್ದಿಲ ಬಸ್ಸನ್ನು ನೋಡಿದವರು ಈಗ ವಿರಳ. ಅದರ ಕಥೆ ಕೇಳಿ ಬೆಳೆದವರು ಇನ್ನೂ ಇದ್ದೇವೆ. ಬಸ್ಸಿನ ಹಿಂಬದಿಗೆ ಉದ್ದನೆಯ ಕಬ್ಬಿಣದ ಕೊಳಗವೊಂದನ್ನು ಕಟ್ಟುತ್ತಿದ್ದರು. ಅದರೊಳಗೆ ಇದ್ದಿಲು ತುಂಬಿ, ಗಾಳಿ ಸಾಲದಂತೆ ಉರಿಸಿದರೆ ಹುಟ್ಟುವ ಅನಿಲವನ್ನು ತಣಿಸಿ ಸೋಸಿ ಎಂಜಿನ್ನಿಗೆ ಕೊಡುವುದು. ಬೆಳಿಗ್ಗೆ ಹೊರಡಬೇಕಾದರೆ ಕ್ಲೀನರು ಅರ್ಧ ಗಂಟೆ ಮುಂಚೆ ಬಂದು ಗಾಳಿಯ ಚಕ್ರ ತಿರುಗಿಸಬೇಕು. ಪೆಟ್ರೋಲಿನಷ್ಟು ತ್ರಾಣ ಅದಕ್ಕಿಲ್ಲ. ಏರು ಬಂದರೆ ಪ್ರಯಾಣಿಕರು ಇಳಿಯಬೇಕು, ಕೆಲವೊಮ್ಮೆ ತಳ್ಳಬೇಕು. ಆದರೂ ಮದುವೆಗಳು ನಡೆದವು, ಸಂತೆಗಳು ನಡೆದವು, ಕೋರ್ಟಿನ ವಾಯಿದೆಗಳಿಗೆ ಜನ ಹೋಗಿ ಬಂದರು. ‘ದಾರಿಯಲ್ಲಿ ಇಪ್ಪತ್ತು ನಿಮಿಷ ನಿಲ್ಲಬೇಕಂತೆ’ ಎಂದು ವಿದ್ಯುತ್ ಕಾರನ್ನು ತಳ್ಳಿಹಾಕುವವರಿಗೆ ಇದನ್ನು ನೆನಪಿಸುವುದುಂಟು. ಹಾಗೆಂದು ಈ ವಾದವನ್ನು ಬಹಳ ದೂರ ಎಳೆಯಬಾರದು. ಯುದ್ಧ ಮುಗಿದು ಪೆಟ್ರೋಲು ಸಿಕ್ಕ ಕೂಡಲೇ ಆ ಕೊಳಗಗಳು ಗುಜರಿಗೆ ಹೋದವು. ಕಷ್ಟವನ್ನು ಜನ ಸಹಿಸಿದರೇ ಹೊರತು ಮೆಚ್ಚಲಿಲ್ಲ.

ವಿದ್ಯುತ್ ಕಾರು ಈ ದೇಶದಲ್ಲಿ ನಿಜವಾಗಿ ಬೀದಿಗಿಳಿದದ್ದು ಬೆಂಗಳೂರಿನಿಂದ. ಮೈನಿ ಸಮೂಹವೂ ಅಮೆರಿಕದ ಅಮೆರಿಗಾನ್ ಕಂಪೆನಿಯೂ 1994ರಲ್ಲಿ ಕೂಡಿಕೊಂಡು ಕಟ್ಟಿದ ಸಂಸ್ಥೆಯಿಂದ 2001ರಲ್ಲಿ ರೇವಾ ಹೊರಬಂತು. ಇದರ ಹಿಂದಿದ್ದ ಚೇತನ್ ಮೈನಿ ಅಮೆರಿಕದಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ, 1990ರಲ್ಲಿ, ಸೂರ್ಯಶಕ್ತಿಯ ಕಾರಿನ ಪಂದ್ಯ ಗೆದ್ದ ತಂಡದಲ್ಲಿದ್ದವರು. ರೇವಾ ಎಂಬುದು ಅವರ ತಾಯಿಯ ಹೆಸರು. ಎರಡು ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಅಡಿಯಲ್ಲಿ ಎಂಟು ಸೀಸದ ಬ್ಯಾಟರಿಗಳು. ಒಮ್ಮೆ ತುಂಬಿಸಿದರೆ ಸುಮಾರು 80 ಕಿಲೋಮೀಟರ್. ಜಯನಗರ ಮಲ್ಲೇಶ್ವರಗಳ ನಡುವೆ ಅದು ಬೊಂಬೆಯಂತೆ ಓಡಾಡುವಾಗ ನೋಡಿದವರು ನಕ್ಕರು. ಲಂಡನ್ನಿನವರು ನಗಲಿಲ್ಲವೆಂದಲ್ಲ, ಅವರೂ ನಕ್ಕರು. ಆದರೆ 2003ರಲ್ಲಿ ಅಲ್ಲಿಯ ನಗರಮಧ್ಯಕ್ಕೆ ಹೋಗುವ ವಾಹನಗಳ ಮೇಲೆ ದಿನದ ಸುಂಕ ಬಿದ್ದಾಗ ಇದಕ್ಕೆ ವಿನಾಯಿತಿ ಸಿಕ್ಕಿ, ಜಿ-ವಿಜ್ ಎಂಬ ಹೆಸರಿನಲ್ಲಿ ನಮ್ಮ ಬೊಮ್ಮಸಂದ್ರದ ಕಾರು ಅಲ್ಲಿ ನೂರುಗಟ್ಟಲೆ ಮಾರಾಟವಾಯಿತು. ಹುಟ್ಟಿದೂರಿಗಿಂತ ಪರವೂರಿನಲ್ಲಿ ಹೆಚ್ಚು ಮರ್ಯಾದೆ. 2010ರಲ್ಲಿ ಮಹೀಂದ್ರ ಕಂಪೆನಿ ಸಂಸ್ಥೆಯನ್ನು ಕೈಗೆ ತೆಗೆದುಕೊಂಡಿತು.

ರೇವಾ ಏಕೆ ನಮ್ಮಲ್ಲಿ ಮನೆಮನೆಯ ಕಾರಾಗಲಿಲ್ಲ? ಚಿಕ್ಕದು, ಅದರ ಅಳತೆಗೆ ಬೆಲೆ ಹೆಚ್ಚು ಎಂಬುದು ಸರಿ. ಮುಖ್ಯವಾಗಿ ಸೀಸದ ಬ್ಯಾಟರಿ. ಅದು ಭಾರ, ಅದರ ಆಯುಸ್ಸು ಕಡಮೆ. ಕೆಲವೇ ವರ್ಷಗಳಿಗೊಮ್ಮೆ ಹೊಸದು ಹಾಕಿಸುವ ಖರ್ಚು. ಇಂದಿನ ಕಾರಿನಲ್ಲಿರುವ ಲಿಥಿಯಂ ಬ್ಯಾಟರಿ ಅದೇ ತೂಕಕ್ಕೆ ಹಲವು ಪಟ್ಟು ಶಕ್ತಿ ಹಿಡಿಯುತ್ತದೆ. ತಯಾರಕರು ಸಾಮಾನ್ಯವಾಗಿ ಎಂಟು ವರ್ಷ ಇಲ್ಲವೆ 1,60,000 ಕಿಲೋಮೀಟರಿಗೆ ಭರವಸೆ ಬರೆದುಕೊಡುತ್ತಾರೆ. ಅಂದಿಗೂ ಇಂದಿಗೂ ಇರುವ ವ್ಯತ್ಯಾಸವೆಲ್ಲ ಇಷ್ಟೇ, ಆದರೆ ಇದು ಸಣ್ಣದಲ್ಲ.

ಕೂಡಿಡುವ ವಿದ್ಯೆಯ ಮಾತು ಬಂದಾಗ ಸೂಳೆಕೆರೆಯವರಿಗೆ ಬೇರೆ ಪಾಠ ಬೇಡ. ಎರಡು ಗುಡ್ಡಗಳ ನಡುವಿನ ಕಿರಿದಾದ ಕಣಿವೆಯಲ್ಲಿ ಸಾವಿರ ಅಡಿಗೂ ಕಡಮೆ ಉದ್ದದ ಏರಿ. ಅದರ ಹಿಂದೆ ನಿಂತ ನೀರೋ ಹರದಾರಿಗಟ್ಟಲೆ. ಕಟ್ಟಿಸಿದವಳು ಶಾಂತವ್ವೆ ಎಂಬ ರಾಜಕುಮಾರಿ, ತಂದೆಯ ಕಟುಮಾತಿಗೆ ನೊಂದು ಪ್ರಾಯಶ್ಚಿತ್ತವಾಗಿ ಕೆರೆ ಕಟ್ಟಿಸಲು ಹೊರಟಳು, ಮುಳುಗುವ ನೆಲ ಸೂಳೆಯರದಾಗಿದ್ದು, ಕೆರೆಗೆ ತಮ್ಮ ಹೆಸರಿಡಬೇಕೆಂಬ ಷರತ್ತಿನ ಮೇಲೆ ಅವರು ಬಿಟ್ಟುಕೊಟ್ಟರು ಎಂಬುದು ಐತಿಹ್ಯ. ಶಾಂತಿಸಾಗರ ಎಂಬ ಸಭ್ಯ ಹೆಸರನ್ನು ಕಾಗದಪತ್ರಗಳಲ್ಲಿ ಕಾಣಬಹುದು. ಕೊಟ್ಟ ಮಾತಿನಂತೆ ಜನ ಹಳೆಯ ಹೆಸರನ್ನೇ ಉಳಿಸಿಕೊಂಡಿದ್ದಾರೆ. ಸಿದ್ಧನ ತೂಬು, ಬಸವನ ತೂಬು ಎಂಬ ಎರಡು ಬಾಯಿಗಳಿಂದ ನೀರು ಗದ್ದೆ ತೋಟಗಳಿಗೆ ಹೋಗುತ್ತದೆ. ಇಲ್ಲಿಂದ ಹೊರಟ ಹರಿದ್ರೆ ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ಚಿತ್ರದುರ್ಗದವರು ಕುಡಿಯುವುದೂ ಈ ನೀರನ್ನೇ. ಅದು ಅಲ್ಲಿಗೆ ಏರಬೇಕಾದರೆ ಪಂಪು, ಪಂಪಿಗೆ ವಿದ್ಯುತ್ತು. ಕೆರೆಗೆ ಹೂಳು ತುಂಬುವಂತೆ ಬ್ಯಾಟರಿಗೂ ಒಂದು ಬಗೆಯ ಹೂಳುಂಟು. ವರ್ಷವರ್ಷಕ್ಕೆ ಅದು ಹಿಡಿಯುವ ಶಕ್ತಿ ಸ್ವಲ್ಪಸ್ವಲ್ಪ ಇಳಿಯುತ್ತದೆ, ಬಿಸಿಲಿನ ಊರಿನಲ್ಲಿ ಇನ್ನೂ ಬೇಗ. ಕೆರೆಯ ಹೂಳನ್ನಾದರೂ ಎತ್ತಬಹುದು, ಇದನ್ನು ಎತ್ತಲಾಗುವುದಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ನನ್ನ ಮನೆಯಿಂದ ಕೆರೆಗೆ 300 ಕಿಲೋಮೀಟರಿಗೆ ಸ್ವಲ್ಪ ಕಡಮೆ. ಮಧ್ಯಮ ಬೆಲೆಯ ಕಾರಿನ 40 ಯೂನಿಟ್ಟಿನ ಬ್ಯಾಟರಿ ಹೆದ್ದಾರಿಯ ವೇಗದಲ್ಲಿ ಯೂನಿಟ್ಟಿಗೆ ಆರು ಕಿಲೋಮೀಟರಿನಂತೆ 240ರ ವರೆಗೆ ಎಳೆಯುತ್ತದೆ. ಜಾಹೀರಾತಿನ ಅಂಕೆ ಇದಕ್ಕಿಂತ ಬಹಳ ದೊಡ್ಡದು. ಅದನ್ನು ವರನ ಸಂಬಳದಂತೆ ಸ್ವಲ್ಪ ತಗ್ಗಿಸಿ ಕೇಳಿಕೊಳ್ಳಬೇಕು. ಎಂದರೆ ಹಿರಿಯೂರಿನಲ್ಲೋ ಚಿತ್ರದುರ್ಗದಲ್ಲೋ ಒಮ್ಮೆ ನಿಲ್ಲುವುದು ಅನಿವಾರ್ಯ. ಹೆದ್ದಾರಿಯಲ್ಲಿ ತ್ವರಿತವಾಗಿ ತುಂಬುವ ಕೇಂದ್ರಗಳಿವೆ, ಮುಕ್ಕಾಲು ಗಂಟೆ ಬೇಕು. ನನ್ನ ವಯಸ್ಸಿನಲ್ಲಿ ಹೇಗೂ ಅಷ್ಟು ಹೊತ್ತು ಕಾಲು ನೀಡಬೇಕಾಗುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುವುದನ್ನು ನೋಡುತ್ತ ಕಾಫಿ ಕುಡಿಯಬಹುದು.

ದುಡ್ಡಿನ ಲೆಕ್ಕ ಇಷ್ಟು ಸುಖವಾಗಿಲ್ಲ. ನಾನು ವರ್ಷಕ್ಕೆ 8,000 ಕಿಲೋಮೀಟರ್ ಓಡಿಸುತ್ತೇನೆ. ಲೀಟರಿಗೆ 16ರಂತೆ 500 ಲೀಟರ್ ಪೆಟ್ರೋಲು. ಲೀಟರಿಗೆ ನೂರು ರೂಪಾಯಿ ದಾಟಿರುವುದರಿಂದ 50,000ಕ್ಕೆ ಮೇಲೆ. ವಿದ್ಯುತ್ತಾದರೆ 1,300 ಯೂನಿಟ್ಟಿನ ಸುಮಾರು. ಮನೆಯ ಮೀಟರಿನಲ್ಲಿ ಆರೇಳು ರೂಪಾಯಿ, ಹೆದ್ದಾರಿಯಲ್ಲಿ ಅದರ ಮೂರು ಪಟ್ಟು; ಎರಡನ್ನೂ ಸೇರಿಸಿ 15,000 ಎನ್ನಿ. ಉಳಿತಾಯ 35,000ದಿಂದ 38,000. ಕಾರಿನ ಬೆಲೆಯಲ್ಲಿ ವ್ಯತ್ಯಾಸ ಮೂರು ಲಕ್ಷವೆಂದಿಟ್ಟುಕೊಂಡರೆ ಅದು ತೀರಲು ಎಂಟು ವರ್ಷ; ಸರಿಯಾಗಿ ಬ್ಯಾಟರಿಯ ಭರವಸೆ ಮುಗಿಯುವ ಹೊತ್ತಿಗೆ! ದಿನವೂ ಕಚೇರಿಗೆ ಓಡಾಡಿ ವರ್ಷಕ್ಕೆ 15,000 ಕಿಲೋಮೀಟರ್ ತಿರುಗುವವರಿಗೆ ನಾಲ್ಕೂವರೆ ವರ್ಷದೊಳಗೆ ತೀರುತ್ತದೆ. ಆದ್ದರಿಂದ ಹೆಚ್ಚು ಓಡಾಡುವವರೇ, ಅದರಲ್ಲೂ ಸ್ವಂತ ಮನೆಯ ಅಂಗಳದಲ್ಲಿ ರಾತ್ರಿ ತುಂಬಿಸಿಕೊಳ್ಳಬಲ್ಲವರೇ ಇದನ್ನು ಕೊಳ್ಳಬೇಕು. ಬಹುಮಹಡಿ ಮನೆಯ ನೆಲಮಾಳಿಗೆಯಲ್ಲಿ ಸಾಕೆಟ್ಟಿಗಾಗಿ ಸಂಘದ ಸಭೆಯಲ್ಲಿ ಜಗಳವಾಡಬೇಕಾದವರು ಮೊದಲು ಆ ಜಗಳ ಮುಗಿಸಿಕೊಳ್ಳುವುದು ಒಳ್ಳೆಯದು.

ಕರ್ನಾಟಕ ಸರ್ಕಾರ ವಿದ್ಯುತ್ ವಾಹನಗಳಿಗೆಂದೇ 2017ರಲ್ಲಿ, ಈ ದೇಶದ ರಾಜ್ಯಗಳಲ್ಲಿ ಮೊದಲನೆಯದಾಗಿ, ನೀತಿಯೊಂದನ್ನು ಹೊರಡಿಸಿತು. ರಸ್ತೆ ತೆರಿಗೆಯ ರಿಯಾಯಿತಿ ಬಹಳ ಕಾಲ ಇತ್ತು. 2024ರಲ್ಲಿ 25 ಲಕ್ಷಕ್ಕೆ ಮೇಲಿನ ಕಾರುಗಳಿಗೆ ತೆರಿಗೆ ಬಂತು. ಇಂಥ ರಿಯಾಯಿತಿಗಳು ಬದಲಾಗುತ್ತಿರುತ್ತವೆ. ಅವುಗಳನ್ನು ನಂಬಿ ಲೆಕ್ಕ ಹಾಕಬಾರದೆಂದು ನಾನು ಅವನ್ನು ಸೇರಿಸಿಲ್ಲ.

ಅಣ್ಣನ ಆಕ್ಷೇಪಣೆ ಹಣದ್ದಲ್ಲ. ಮನೆಯಲ್ಲಿ ತೊಂಬತ್ತರ ಸಮೀಪದ ತಾಯಿ ಇದ್ದಾರೆ. ನಡುರಾತ್ರಿ ಎದೆ ಹಿಡಿದುಕೊಂಡರೆ ದಾವಣಗೆರೆಗೆ ಸುಮಾರು 40 ಕಿಲೋಮೀಟರ್ ಓಡಬೇಕು. ಆಗ ಕರೆಂಟು ಹೋಗಿದ್ದರೆ? ಮಾತು ತೂಕದ್ದು. ಬ್ಯಾಟರಿ ಅರ್ಧಕ್ಕಿಂತ ಕೆಳಗಿಳಿಯದಂತೆ ನೋಡಿಕೊಂಡರೆ ದಾವಣಗೆರೆಗೆ ಹೋಗಿ ಬಂದು ಇನ್ನೂ ಉಳಿಯುತ್ತದೆ; ಹಳ್ಳಿಯ ಪೆಟ್ರೋಲು ಬಂಕೂ ನಡುರಾತ್ರಿ ಬಾಗಿಲು ತೆರೆದಿರುವುದಿಲ್ಲ ಎಂದು ನಾನು ಹೇಳಿದೆ. ಅವನು ಡಬ್ಬಿಯಲ್ಲಿ ಐದು ಲೀಟರ್ ಇಟ್ಟುಕೊಳ್ಳುತ್ತೇನೆ, ನೀನು ಡಬ್ಬಿಯಲ್ಲಿ ಕರೆಂಟು ಇಡುತ್ತೀಯಾ ಎಂದ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಒಂದೇ ವಾಹನವಿರುವ ಹಳ್ಳಿಯ ಮನೆಗೆ ಇದು ಇನ್ನೂ ಸಲ್ಲದು ಎಂದು ಒಪ್ಪಿಕೊಂಡೆ. ಅವನ ಡೀಸೆಲ್ ಜೀಪು ಇರಲಿ.

ನನಗೆ? ಲೆಕ್ಕ ಎಂಟು ವರ್ಷವೆಂದರೂ ಕೊಳ್ಳುವುದೆಂದು ನಿಶ್ಚಯಿಸಿದ್ದೇನೆ. ಬೆಂಗಳೂರಿನ ಮನೆಗೆ ಅಂಗಳವಿದೆ, ದಿನದ ಓಡಾಟ ಮೂವತ್ತು ಕಿಲೋಮೀಟರ್ ಮೀರುವುದಿಲ್ಲ, ಗೇರು ಬದಲಿಸಿ ಬದಲಿಸಿ ಎಡಮೊಣಕಾಲು ಸೋತಿದೆ. ಮೊಣಕಾಲಿನ ಬೆಲೆಯನ್ನು ಯಾವ ಲೆಕ್ಕದಲ್ಲೂ ಸೇರಿಸಿರಲಿಲ್ಲ. ಉಳಿದಿರುವುದು ಊರಿನ ಮನೆಯಲ್ಲಿ ರಾತ್ರಿ ತುಂಬಿಸುವ ಏರ್ಪಾಡು. 15 ಆಂಪಿಯರ್ ಸಾಕೆಟ್ಟಿನಿಂದ ಗಂಟೆಗೆ ಸುಮಾರು ಮೂರು ಯೂನಿಟ್. ರಾತ್ರಿ ಇಡೀ ಇಟ್ಟರೆ ಬೆಳಗಿನ ಹೊತ್ತಿಗೆ ಮುಕ್ಕಾಲು ಪಾಲು ತುಂಬೀತು. ಆದರೆ ಅರ್ತಿಂಗ್ ಸರಿಯಿಲ್ಲದಿದ್ದರೆ ಈ ಕಾರುಗಳು ವಿದ್ಯುತ್ತನ್ನು ಮುಟ್ಟುವುದೇ ಇಲ್ಲ, ಮುನಿದು ಕೂರುತ್ತವೆ. ಹಳೆಯ ಮನೆಯ ಅರ್ತಿಂಗ್ ಹೆಸರಿಗೆ ಮಾತ್ರ. ಎಲೆಕ್ಟ್ರಿಷಿಯನ್ ಬಂದು ನೋಡಿ, ಹಿತ್ತಲಿನಲ್ಲಿ ಆಳವಾದ ಗುಂಡಿ ತೆಗೆದು ಹೊಸ ಕೊಳವೆ ನಿಲ್ಲಿಸಿ, ಸುತ್ತ ಉಪ್ಪು ಮತ್ತು ಇದ್ದಿಲು ತುಂಬಬೇಕೆಂದು ಚೀಟಿ ಬರೆದುಕೊಟ್ಟಿದ್ದಾನೆ. ಉಪ್ಪು ಊರಿನ ಅಂಗಡಿಯಲ್ಲೇ ಸಿಕ್ಕಿತು. ಎರಡು ಮೂಟೆ ಇದ್ದಿಲು ಚನ್ನಗಿರಿಯಿಂದ ಬರಬೇಕಾಗಿದೆ. ಅಣ್ಣ ಜೀಪಿನಲ್ಲಿ ತರುತ್ತೇನೆಂದಿದ್ದಾನೆ.