ಶಿಸ್ತಿನಿಂದ ‘ಭೂಮಿ’ಯವರೆಗೆ

ಕೆಳದಿಯ ಶಿವಪ್ಪನಾಯಕನ ಹೆಸರಿನೊಡನೆ ‘ಶಿಸ್ತು’ ಎಂಬ ಮಾತು ಸೇರಿಕೊಂಡಿರುವುದನ್ನು ನೀವೆಲ್ಲ ಶಾಲೆಯಲ್ಲಿ ಓದಿದ್ದೀರಿ. ಅದು ನಡತೆಯ ಶಿಸ್ತಲ್ಲ, ಕಂದಾಯದ ಶಿಸ್ತು. ನಮ್ಮ ಸೊರಬ ಸೀಮೆಯೂ ಒಳಪಟ್ಟಿದ್ದ ಆ ರಾಜ್ಯದಲ್ಲಿ, ಹದಿನೇಳನೆಯ ಶತಮಾನದಲ್ಲಿ, ಒಂದೊಂದು ಬಗೆಯ ನೆಲದಲ್ಲಿ ಒಂದೊಂದು ಹೊಲವನ್ನು ಆರಿಸಿ 12 ವರ್ಷ ಸಾಗುವಳಿ ಮಾಡಿಸಿ, ಬೀಜ, ಖರ್ಚು, ಫಸಲುಗಳ ಲೆಕ್ಕವಿಡಿಸಿ, ಸರಾಸರಿಯ ಮೇಲೆ ತೆರಿಗೆ ಕಟ್ಟಿದನೆಂದು ಇತಿಹಾಸಕಾರರು ಬರೆದಿದ್ದಾರೆ. ಲೆಕ್ಕ ಹುಟ್ಟಿದ್ದು ಗದ್ದೆಯಲ್ಲಿ. ಕಡತಕ್ಕೆ ಬಂದದ್ದು ಆಮೇಲೆ.

ಬಹುಕಾಲ ಈ ಕಡತ ವಂಶಪಾರಂಪರ್ಯದ ಶಾನುಭೋಗರ ಕೈಯಲ್ಲಿತ್ತು. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆಯ ನಂತರ ಗ್ರಾಮಲೆಕ್ಕಿಗರ ಪಾಲಿಗೆ ಬಂತು. 1964ರ ಭೂಕಂದಾಯ ಕಾಯ್ದೆಯ 133ನೆಯ ಪ್ರಕರಣದಂತೆ ಪಹಣಿಯ ದಾಖಲೆಯನ್ನು, ವಿರುದ್ಧವಾದದ್ದು ಸಾಬೀತಾಗುವವರೆಗೆ, ಸತ್ಯವೆಂದೇ ಭಾವಿಸತಕ್ಕದ್ದು. ತಪ್ಪನ್ನು ಸಾಬೀತುಪಡಿಸುವ ಹೊರೆ ಹೀಗೆ ರೈತನ ಹೆಗಲೇರಿತು.

‘ಭೂಮಿ’ ಯೋಜನೆಯಡಿ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದವು. 2002ರ ಹೊತ್ತಿಗೆ ಕೈಬರಹದ ಪಹಣಿಯ ಕಾಲ ಮುಗಿಯಿತು. ಆಗ 15 ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಮುದ್ರಿತ ಪ್ರತಿ ಸಿಗುತ್ತಿತ್ತು. ಬೆರಳಚ್ಚು ಒತ್ತದೆ ನೌಕರನು ದಾಖಲೆಯನ್ನು ಮುಟ್ಟುವಂತಿರಲಿಲ್ಲ. ಇದು ದೊಡ್ಡ ಸುಧಾರಣೆಯೇ; ಪಹಣಿಗಾಗಿ ಅಲೆದವರಿಗೆ ಅದರ ಬೆಲೆ ತಿಳಿದಿದೆ. ಆದರೆ ಯಂತ್ರಕ್ಕೆ ಏರಿದ್ದು ಹಳೆಯ ಪುಸ್ತಕದ ಬರಹ. ಮುದ್ರಿಸಿದ ಪ್ರತಿಯನ್ನು ಗ್ರಾಮಲೆಕ್ಕಿಗರು ತಾಳೆ ನೋಡಿದ್ದೂ ಆ ಪುಸ್ತಕದೊಡನೆಯೇ, ಗದ್ದೆಯೊಡನಲ್ಲ.

ಗಣಕಯಂತ್ರ ಕಂಡುಹಿಡಿಯಬಲ್ಲ ತಪ್ಪುಗಳೂ ಇವೆ. ಪಹಣಿಯ 3ನೆಯ ಕಾಲಂನಲ್ಲಿ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ, 9ರಲ್ಲಿ ಹಿಡುವಳಿದಾರರ ಹೆಸರು ಮತ್ತು ಪಾಲು. ಅಣ್ಣತಮ್ಮಂದಿರ ಪಾಲುಗಳನ್ನು ಕೂಡಿದರೆ ಜಮೀನಿಗಿಂತ ಹೆಚ್ಚಾಗುವ ಪ್ರಕರಣಗಳು ಹೀಗೆಯೇ ಬಯಲಾದವು. ಕೂಡಿಸುವ ಲೆಕ್ಕವಾದ್ದರಿಂದ ಯಂತ್ರಕ್ಕೆ ಸುಲಭ. (ಮೂರನೆಯ ತರಗತಿಯ ಹುಡುಗನಿಗೂ ಸುಲಭವೇ, ಪುಸ್ತಕದಲ್ಲಿದ್ದಾಗ ಕೂಡಿಸಿ ನೋಡುವವರು ಇರಲಿಲ್ಲ, ಅಷ್ಟೆ.)

ಬೆಳೆಯ ಕಾಲಂ ಹಾಗಲ್ಲ. ಭತ್ತದ ಗದ್ದೆ ಅಡಿಕೆ ತೋಟವಾಗಿ ವರ್ಷಗಳೇ ಕಳೆದರೂ, ಕಳೆದ ವರ್ಷದ ನಮೂದನ್ನೇ ನಕಲು ಮಾಡಿದರೆ ‘ಭತ್ತ’ವೇ ಉಳಿಯುತ್ತದೆ. ಯಂತ್ರಕ್ಕೆ ಅನುಮಾನ ಬರುವುದಿಲ್ಲ. ವಿಮೆ ಮಾಡಿಸಿದ ಬೆಳೆಗೂ ದಾಖಲೆಯ ಬೆಳೆಗೂ ತಾಳೆಯಾಗದಿದ್ದರೆ ಪರಿಹಾರಕ್ಕೆ ಸಂಚಕಾರ. 2020ರಿಂದ ರೈತನೇ ಮೊಬೈಲಿನಲ್ಲಿ ಬೆಳೆಯ ಚಿತ್ರ ತೆಗೆದು ದಾಖಲಿಸುವ ಪದ್ಧತಿ ಬಂದಿದೆ. ಹೊಲಕ್ಕೆ ಹೋಗಿಯೇ ಬರೆಯಬೇಕೆಂಬ ಹಳೆಯ ನಿಯಮ ಮೂರೂವರೆ ಶತಮಾನದ ಬಳಿಕ ಹಿಂದಿರುಗಿದಂತೆ ನನಗೆ ತೋರುತ್ತದೆ.

ಉಳಿದದ್ದು ಪೌತಿಯ ಪ್ರಶ್ನೆ, ಎಲ್ಲಕ್ಕಿಂತ ಜಟಿಲವಾದದ್ದು. ಹಕ್ಕು ಬದಲಾವಣೆಯ ಅರ್ಜಿಗಳಲ್ಲಿ ಎಷ್ಟು ಇತ್ಯರ್ಥವಾಗಿವೆ, ಎಷ್ಟು ಬಾಕಿ ಎಂಬ ವರದಿ ಮೇಲಧಿಕಾರಿಗೆ ಕ್ಷಣದಲ್ಲಿ ಸಿಗುತ್ತದೆ. ಬಾಕಿ ಕಡಿಮೆಯಾದರೆ ತಾಲ್ಲೂಕಿನ ಕೆಲಸ ಚೆನ್ನಾಗಿದೆಯೆಂದು ಅರ್ಥ. ಆದರೆ ಅಜ್ಜ ತೀರಿಕೊಂಡು ಮೂವತ್ತು ವರ್ಷವಾಗಿ, ಮಕ್ಕಳು ಅರ್ಜಿಯನ್ನೇ ಕೊಟ್ಟಿಲ್ಲದಿದ್ದರೆ ಆ ಸಂಗತಿ ಬಾಕಿಯ ಲೆಕ್ಕಕ್ಕೆ ಸೇರುವುದೇ ಇಲ್ಲ. ವರದಿಯಲ್ಲಿ ಎಲ್ಲವೂ ಸರಿ, ಪಹಣಿಯಲ್ಲಿ ಅಜ್ಜ ಇನ್ನೂ ಸಾಗುವಳಿದಾರ. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸಲು ಗ್ರಾಮಲೆಕ್ಕಿಗರು ಖಾತೆದಾರರನ್ನು ಹುಡುಕಿ ಹೊರಟಾಗ, ಆಧಾರ್ ಕೇಳಲು ಹೋದ ಮನೆಗಳಲ್ಲಿ ಗೋಡೆಯ ಮೇಲಿನ ಭಾವಚಿತ್ರಗಳೇ ಉತ್ತರವಾದದ್ದು ಇದೇ ಕಾರಣದಿಂದ.